ಹಳದಿ ಮುದ್ರೆಯ ಡಾಲರ್

ಆ ಕಾಲಕ್ಕೆ ಗಲ್ಫಿನ ರಿಗ್ಗೈಯ ನಮ್ಮ ಕಟ್ಟಡದಲ್ಲಿ ಲ್ಯಾಮಿನೇಷನ್ ಆಗದೆ ಉಳಿದಿದ್ದದ್ದು ಮನುಷ್ಯರು ಮಾತ್ರ. ಅಪ್ಪನ ಡಿಪ್ಲೊಮಾ, ಅಮ್ಮನ ಮಾರ್ಕ್ಸ್ ಕಾರ್ಡು, ನನ್ನ ಜನನಪತ್ರ, ಅಡುಗೆಮನೆ ಗೋಡೆಯ ಮಗ್ಗಿ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಪರದೇಶದಲ್ಲಿ ಕಾಗದ ಹಾಳಾದರೆ ಬದುಕೇ ಹಾಳು ಎಂದು ಅಪ್ಪ ನಂಬಿದ್ದರು. ನನ್ನ ಹಾಗೆ ಗಲ್ಫಿನಲ್ಲಿ ಬೆಳೆದವರಿಗೆ ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ ಈಗಲೂ ನೆನಪಿರುತ್ತದೆ.

ನಮಗೆ ಆ ವಾಸನೆ ಬರುತ್ತಿದ್ದದ್ದು ಕೆಳಗಿನ ಜೆರಾಕ್ಸ್ ಅಂಗಡಿಯಿಂದ. ಅದರ ಮಾಲೀಕರು ಉಪ್ಪಿನಂಗಡಿ ಕಡೆಯ ಬ್ಯಾರಿ, ಇಡೀ ಕಟ್ಟಡಕ್ಕೆ ಹಮೀದಾಕ. ಅವರಿಗೆ ಹಳೆಯ ಅಮೆರಿಕನ್ ನೋಟುಗಳ ಹುಚ್ಚು. ಶುಕ್ರವಾರದ ಸಂತೆಯಲ್ಲಿ ಹಳೇ ಸಾಮಾನಿನ ಡಬ್ಬಗಳನ್ನು ಜಾಲಾಡಿ ತರುತ್ತಿದ್ದರು. ಆದರೆ ನೋಟಿನ ಮೇಲಿನ ಸಣ್ಣ ಅಕ್ಷರದ ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ.

ನನಗಾಗ ಹನ್ನೊಂದು ವರ್ಷ. ಅಪ್ಪನ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಣ ತಡವಾಗಿ ಆ ಬೇಸಿಗೆಯಲ್ಲಿ ನಾವು ಮೈಸೂರಿಗೆ ಹೋಗಲಾಗಲಿಲ್ಲ. ಕಾರಿಡಾರಿನಲ್ಲಿ ಕ್ರಿಕೆಟ್ ಆಡಿ ಎಲ್ಲರ ಹತ್ತಿರ ಬೈಸಿಕೊಂಡ ಮೇಲೆ, ಹಮೀದಾಕರ ಅಂಗಡಿಯ ಸ್ಟೂಲೇ ನನಗೆ ಗತಿಯಾಯಿತು.

"ಮೊದಲು ಕಣ್ಣು ಮುಚ್ಚು ಮಾರಾಯ್ತಿ," ಎಂದು ಒಂದು ನೋಟನ್ನು ನನ್ನ ಮುಂದಿಟ್ಟರು. "ಈಗ ಬೆರಳಾಡಿಸು. ಎಂತ ಸಿಗ್ತದೆ?"

"ಲೈನ್ಸ್."

"ಅದು ಶಾಯಿ. ಒರಿಜಿನಲ್ ಆದ್ರೆ ಕೈಗೆ ತಾಗ್ತದೆ. ಓದುದು ಮತ್ತೆ."

ಸುಲೈಮಾನಿ ಚಹಾ ಕುಡಿಯುತ್ತಾ ಇಬ್ಬರೂ ನೋಟು ವಿಂಗಡಿಸತೊಡಗಿದೆವು. ಇಂಟರ್ನೆಟ್ಟಿನಿಂದ ಅವರು ಪ್ರಿಂಟ್ ತೆಗೆದುಕೊಟ್ಟದ್ದನ್ನು ನಾನು ಓದಿ ಹೇಳುತ್ತಿದ್ದೆ. ಅಮ್ಮ ಭೂತಗನ್ನಡಿ ಕೊಡಿಸಿದರು, ಷರತ್ತಿನ ಮೇಲೆ. "ಬರ್ಕೊಳ್ಳೋದನ್ನ ಕನ್ನಡದಲ್ಲೇ ಬರ್ಕೋಬೇಕು. ಇಲ್ದಿದ್ರೆ ವಾಪಸ್ ಕೊಡು." ಹೀಗಾಗಿ ನನ್ನ ಪುಸ್ತಕದಲ್ಲಿ ಅಮೆರಿಕದ ನೋಟುಗಳೆಲ್ಲ ಕನ್ನಡದಲ್ಲಿದ್ದವು. ಮುದ್ರೆ ನೀಲಿಯಾದರೆ ಒಂದು ಕಾಲಕ್ಕೆ ಕೊಟ್ಟು ಬೆಳ್ಳಿ ಪಡೆಯಬಹುದಾಗಿದ್ದ ನೋಟು, ಕೆಂಪಾದರೆ ಬೇರೆ ಜಾತಿ. ಇಸವಿಯ ಪಕ್ಕದ ಅಕ್ಷರ ಬದಲಾದರೆ ಸಹಿಯನ್ನೂ ನೋಡಬೇಕು.

ಒಂದು ದಿನ ಸಿಕ್ಕಿದ ಒಂದು ಡಾಲರಿನ ನೋಟಿನ ಮುದ್ರೆ ಹಳದಿಯಾಗಿತ್ತು.

"ಅದು ಬಿಸಿಲಿಗೆ ಮಾಸಿದ್ದು. ಸಂತೆಯವ್ರೇ ಹೇಳಿದ್ದಾರೆ," ಎಂದರು ಹಮೀದಾಕ.

ನಾನು ಒಪ್ಪಲಿಲ್ಲ. ಮೂರು ದಿನ ಆ ನೋಟನ್ನು ಬಿಟ್ಟೇಳಲಿಲ್ಲ. ಮುದ್ರೆ ಮಾಸಿದ್ದರೆ ನಂಬರೂ ಮಾಸಬೇಕಿತ್ತಲ್ಲ, ಅದು ಕಡುನೀಲಿಯಾಗೇ ಇತ್ತು. ಕೊನೆಗೆ ಒಂದು ಪ್ರಿಂಟಿನಲ್ಲಿ ಉತ್ತರ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಕ್ಕೆ ಹೋದ ಅಮೆರಿಕನ್ ಸೈನಿಕರಿಗೆ ಹಳದಿ ಮುದ್ರೆಯ ನೋಟು ಕೊಟ್ಟಿದ್ದರಂತೆ, ಶತ್ರುವಿನ ಕೈಗೆ ಸಿಕ್ಕರೆ ರದ್ದು ಮಾಡಲು ಸುಲಭವಾಗಲಿ ಎಂದು. ನಂಬರಿನ ಮೊದಲ ಮತ್ತು ಕೊನೆಯ ಅಕ್ಷರಗಳೂ ಅಲ್ಲಿನ ಪಟ್ಟಿಗೆ ಹೊಂದಿದವು.

ಹಮೀದಾಕ ನೋಟನ್ನು ಜೋಪಾನವಾಗಿ ಒಂದು ಕವರಿಗೆ ಹಾಕಿದರು. ಸಂತೆಯ ಮೂಲೆಯಲ್ಲಿ ಸಂಗ್ರಾಹಕರು ಸೇರುವ ಒಂದು ಮೇಜಿತ್ತು. ಅವರೆಲ್ಲ ಇವರನ್ನು ಜೆರಾಕ್ಸ್ ಭಾಯಿ ಎಂದು ಕರೆದು ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. "ಈ ಶುಕ್ರವಾರ ನನ್ನನ್ನೂ ಕೂರಿಸ್ತಾರೆ, ನೋಡು," ಎಂದರು.

ಗುರುವಾರ ಅವರು ಅಸರ್ ನಮಾಜಿಗೆ ಹೋದಾಗ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಊರಿನವರ ಕಾಗದಕ್ಕೆಲ್ಲ ಪ್ಲಾಸ್ಟಿಕ್ ಹಾಕುವ ಪುಣ್ಯಾತ್ಮ ತನ್ನ ನೋಟನ್ನು ಬರೀ ಕವರಿನಲ್ಲಿ ಇಟ್ಟಿದ್ದಾರಲ್ಲ ಎಂದು ನನಗೆ ಪಾಪ ಅನ್ನಿಸಿತು. ಮಷೀನು ಬಿಸಿಯಾಗಿತ್ತು. ನೋಟನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಬೆರಳಿನಿಂದ ಸವರಿ ನೇರ ಮಾಡಿ, ಒಳಗೆ ಬಿಟ್ಟೆ. ಅದು ಫಳಫಳ ಹೊಳೆಯುತ್ತಾ ಹೊರಗೆ ಬಂತು.

ಅವರು ಬಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಹಮೀದಾಕ ಅದರ ಮೇಲೆ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು, ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಇದನ್ನು ಇನ್ನು ಬಿಡಿಸ್ಲಿಕ್ಕೆ ಆಗುದಿಲ್ಲ ಮಗಳೇ. ನೋಟು ಹೋಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಮರುದಿನ ನಾನು ಹಾಸಿಗೆ ಬಿಟ್ಟು ಏಳದಿದ್ದಾಗ ಅಮ್ಮ ಬಂದರು. "ಅತ್ತಿದ್ದು ಸಾಕು. ಪುಸ್ತಕ ತಗೋ. ಹಮೀದಾಕನ ಜೊತೆ ಹೋಗಿ, ಮಾಡಿದ್ದು ನಾನು ಅಂತ ನೀನೇ ಹೇಳು."

ಹೋದೆ. ಮೇಜಿನ ಹಿರಿಯ ಸಂಗ್ರಾಹಕ ನೋಟನ್ನು ಎತ್ತಿ ನೋಡಿ ನಕ್ಕ. "ಖಲಾಸ್, ಭಾಯಿ. ಪ್ಲಾಸ್ಟಿಕ್."

"ಮಾಡಿದ್ದು ನಾನು," ಎಂದೆ ಇಂಗ್ಲಿಷಿನಲ್ಲಿ.

"ನೋಟ್ ಖಲಾಸ್, ಮಾಲೂಮ್ ಹೈ," ಎಂದರು ಹಮೀದಾಕ, ತಮ್ಮ ಹಿಂದಿಯಲ್ಲಿ. ಅದು ಗೊತ್ತಿರುವುದೇ, ಬಣ್ಣ ಮಾಸಿದ್ದೋ, ಮೊದಲಿಂದಲೂ ಹಳದಿಯೇ ಹೌದೋ, ಅದನ್ನು ಹೇಳಿ ಎಂದು ಪಟ್ಟು ಹಿಡಿದರು. ನಾನು ಪುಸ್ತಕ ತೆರೆದು, ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸುತ್ತಾ ಒಂದೂ ಸಾಲು ಬಿಡದೆ ಓದಿದೆ. ಆತ ಕಣ್ಣಿಗೆ ಮಸೂರ ಇಟ್ಟುಕೊಂಡು ತುಂಬ ಹೊತ್ತು ನೋಡಿದ. ಹಳದಿಯೇ, ಹುಡುಗಿ ಹೇಳಿದ್ದು ಸರಿ ಎಂದು ಒಪ್ಪಿಕೊಂಡು ಒಂದು ಕುರ್ಚಿ ಎಳೆದು ಹಾಕಿದ.

ಹಮೀದಾಕ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾವು ಹಿಂದೆ ನಿಂತರು.

ಈಗ ನಾನಿರುವುದು ಇದೇ ದೇಶದ ಅಹ್ಮದಿಯಲ್ಲಿ. ರಿಗ್ಗೈಯ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಹಮೀದಾಕ ಊರಿಗೆ ಹೊರಟಾಗ ನೋಟನ್ನು ನನಗೇ ಕೊಟ್ಟು ಹೋದರು, ಅಲ್ಲೇ ತೀರಿಕೊಂಡರು. ಕನ್ನಡದ ಆ ಪುಸ್ತಕ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು. ಮೊನ್ನೆ ಮಗಳು ನೋಟಿಗೆ ಫೋನು ಹಿಡಿದು, ಒಂದು ನಿಮಿಷದೊಳಗೆ ಅದರ ಜಾತಿ, ಇಸವಿ ಎಲ್ಲ ಹೇಳಿದಳು. ನನಗೆ ಮೂರು ದಿನ ಹಿಡಿದಿತ್ತು.

"ಕಣ್ಣು ಮುಚ್ಚಿ ಮುಟ್ಟಿ ನೋಡು, ಏನು ಸಿಗುತ್ತೆ?" ಎಂದೆ.

ಬೆರಳಾಡಿಸಿದಳು. "ನಥಿಂಗ್, ಅಮ್ಮ. ಸ್ಮೂತ್ ಇದೆ."

ಆ ಗೆರೆಗಳನ್ನು ಕೊನೆಯದಾಗಿ ಮುಟ್ಟಿದ್ದು ನನ್ನ ಬೆರಳು.