ಜರೀನಾ ಅಕ್ಕೋರೂ ನನ್ನ ಕಟಿಂಗ್ ಮಶೀನೂ

ನನಗೆ ಸಿಟ್ಟು ಬೇಗ ಬರುತ್ತದೆ. ಇಳಕಲ್ಲಿನಲ್ಲಿ ಗ್ರಾನೈಟ್ ಫ್ಯಾಕ್ಟರಿ ನಡೆಸುವವನಿಗೆ ಬರದೆ ಇನ್ನಾರಿಗೆ ಬರಬೇಕು? ಮೂವತ್ತು ವರ್ಷ ಕಲ್ಲು ಕೊಯ್ಯುವ ಸದ್ದಿನೊಳಗೇ ಮಾತಾಡಿದ್ದೇನೆ, ನಾನು ಬಾಯಿ ತೆರೆದರೆ ಜಗಳ ಅಂದುಕೊಳ್ಳುತ್ತಾರೆ ಜನ. ಹೀಗಿರುವಾಗ ಪಕ್ಕದ ಓಣಿಯ ಜರೀನಾ ಒಂದು ಬೆಳಿಗ್ಗೆ ನೋಟಬುಕ್ ಹಿಡಿದು ಗೇಟಿನಲ್ಲಿ ನಿಂತು, "ಕಾಕಾರ, ನಿಮ್ಮ ದೊಡ್ಡ ಮಶೀನ್ ಇವತ್ತ ಎಷ್ಟಕ್ಕ ಚಾಲೂ ಮಾಡಿದ್ರಿ?" ಎಂದು ಕೇಳಿದರೆ ಏನು ಮಾಡಲಿ?

"ಯಾಕ? ಕರೆಂಟ್ ಆಫೀಸಿಗೆ ಅರ್ಜಿ ಕೊಡಾಕೇನು? ಕೊಡು ಹೋಗು!" ಎಂದು ಒದರಿಬಿಟ್ಟೆ.

ಅವಳು ಜಗ್ಗಲಿಲ್ಲ. "ಅರ್ಜಿ ಅಲ್ರಿ, ಟೈಮ್ ಅಷ್ಟ ಹೇಳ್ರಿ ಸಾಕು." ಒಂಬತ್ತು ಹತ್ತಕ್ಕೆ ಅಂದೆ. ಬರೆದುಕೊಂಡು ಹೋದಳು. ಮರುದಿನ ಮತ್ತೆ ಹಾಜರ್. ಅದರ ಮರುದಿನವೂ.

ಜರೀನಾ ನಮ್ಮ ಊರಿನ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರು. ಅತ್ತೆ ಕಾಸಿಂಬಿ ಇವತ್ತಿಗೂ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗದ ಕುಣಿಗಿಳಿದು ಸೀರೆ ನೇಯುತ್ತಾಳೆ. ಅದೇ ಕೋಣೆಯ ಮೂಲೆಯಲ್ಲಿ ಸೊಸೆಯ ಮೇಜು. ಅದರ ಮೇಲೆ ಅಂಗೈ ಅಗಲದ ಒಂದು ಹಸಿರು ಹಲಗೆ, ಅದಕ್ಕೆ ನಾಲ್ಕು ವೈರು. ನಾಲ್ಕನೆಯ ದಿನ ಜಗಳ ತೀರಿಸಿಯೇ ಬರೋಣವೆಂದು ನಾನೇ ಅವರ ಮನೆಗೆ ಹೋದಾಗ ಇದನ್ನೆಲ್ಲ ನೋಡಿದೆ. ಆ ಹಲಗೆಯೇ ಕಂಪ್ಯೂಟರ್ ಅಂತೆ!

ಕಾಸಿಂಬಿ ಚಹಾ ಕೊಟ್ಟಳು. ಚಹಾ ಕುಡಿಯುತ್ತ ಜಗಳ ಆಡಲಾಗುವುದಿಲ್ಲ, ಹಾಗಾಗಿ ಕೇಳುತ್ತ ಕೂತೆ.

ಯಾರೋ ಪುಣ್ಯಾತ್ಮರು ಅಂಥ ಹನ್ನೆರಡು ಹಲಗೆ ಶಾಲೆಗೆ ದಾನ ಕೊಟ್ಟಿದ್ದರು. ಹೊಸ ಮಾದರಿಯವು. ಕಂಪ್ಯೂಟರ್ ನಡೆಯಬೇಕಾದರೆ ಅದರೊಳಗೆ ಆಪರೇಟಿಂಗ್ ಸಿಸ್ಟಂ ಇರಬೇಕು. ಇವು ಹೊಸವಾದ್ದರಿಂದ ಇವಕ್ಕೆ ಯಾವ ಸಿಸ್ಟಮೂ ಇನ್ನೂ ಸರಿಯಾಗಿ ಹೊಂದಿರಲಿಲ್ಲ. ಹೊಂದಿಸುವವರ ಒಂದು ಗುಂಪು ಇತ್ತು. ಅವರ ಸಿಸ್ಟಂ ಪುಕ್ಕಟೆಯದು, ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಬಹುದು. ದೇಶದೇಶದ ಜನ ಪಗಾರವಿಲ್ಲದೆ ಅದಕ್ಕಾಗಿ ದುಡಿಯುತ್ತಿದ್ದರು, ಜರೀನಾಳೂ ಅವರಲ್ಲಿ ಸೇರಿಕೊಂಡಿದ್ದಳು. ಅವರು ಬರೆದು ಕಳಿಸಿದ್ದನ್ನು ಹಲಗೆಗೆ ಹಾಕಿ, ಏನು ನಡೆಯಿತು, ಏನು ನಡೆಯಲಿಲ್ಲ ಎಂದು ತಿಳಿಸುವುದು ಅವಳ ಪಾಲಿನ ಕೆಲಸ. ಹೆಡ್ ಅಕ್ಕೋರು ವರದಾ, "ನಡೀಲಾರದ ಸಾಮಾನ ಯಾಕ್ರಿ, ವಾಪಸ್ ಕಳಿಸೂಣು" ಅಂದಾಗ, "ಸೂಟಿ ಮುಗದು ಸಾಲಿ ಚಾಲೂ ಆಗೂದ್ರಾಗ ಹನ್ನೆರಡೂ ನಡಸಿ ತೋರಸ್ತೇನ್ರಿ" ಎಂದು ಮಾತು ಕೊಟ್ಟು ಕೂತಿದ್ದಳು ಈ ಮಹಾರಾಯ್ತಿ!

"ಮತ್ತ ಇದ್ರಾಗ ನನ್ನ ಮಶೀನ್ ಎಲ್ಲಿ ಬಂತು?" ಅಂದೆ.

"ನಿಮ್ಮ ಕಟಿಂಗ್ ಮಶೀನ್ ಚಾಲೂ ಆದಾಗ ನಮ್ಮ ಲೈನ್ಯಾಗ ಕರೆಂಟ್ ಒಂದ್ ಗಳಿಗಿ ಇಳಿತೈತ್ರಿ. ಬಲ್ಬ್ ಕೆಂಪಗಾಗ್ತಾವು. ಆಗ ಇದು ಆರಿಹೋಗ್ತೈತಿ. ಆರೂದು ಇರ್ಲಿ, ಆಮ್ಯಾಲ ಏಳಂಗೇ ಇಲ್ಲ. ಸಾಲಿಗೂ ಇದ ಲೈನ್. ದಿನಾ ಮುಂಜಾನೆ ಹನ್ನೆರಡೂ ಸತ್ತ ಬಿದ್ರ ನಾ ಏನ್ ಮುಖಾ ತೋರಸ್ಲಿ?"

ಗುಂಪಿಗೆ ತಿಳಿಸಿದ್ದಳು. ಅವರು ತಮ್ಮ ತಮ್ಮ ಊರಿನಲ್ಲಿ ಹತ್ತು ಸಲ ವೈರು ಕಿತ್ತು ಹಾಕಿದರಂತೆ, ಹತ್ತು ಸಲವೂ ಹಲಗೆ ಎದ್ದಿತಂತೆ. ನಿಮ್ಮ ಮನೆಯ ವೈರಿಂಗ್ ಕೆಟ್ಟಿರಬೇಕು, ಮುಂದಿನ ಶುಕ್ರವಾರ ಈ ದೂರು ಮುಚ್ಚಿ ಹೊಸ ಆವೃತ್ತಿ ಹೊರಗೆ ಬಿಡುತ್ತೇವೆ ಎಂದು ಉತ್ತರ ಬಂದಿತ್ತು.

"ಅವರ ಊರಾಗ ಕರೆಂಟ್ ಹೋದ್ರ ಪೂರ್ತಿ ಹೋಗ್ತೈತ್ರಿ ಕಾಕಾ. ಅರ್ಧ ಹೋಗಿ ಅರ್ಧ ಉಳಿಯೂ ಕರೆಂಟ್ ಅವರು ನೋಡೇ ಇಲ್ಲ," ಅಂದಳು ಜರೀನಾ.

ನನಗೆ ನಗು ಬಂತು. ಮರುಗಳಿಗೆಯೇ ಸಿಟ್ಟೂ ಬಂತು. ಇವಳ ಮನೆಯ ವೈರಿಂಗ್ ಮಾಡಿದವನು ನಮ್ಮ ಫ್ಯಾಕ್ಟರಿಯ ಲಕ್ಷ್ಮಣ! ಅವನು ಮಾಡಿದ ವೈರಿಂಗ್ ಕೆಟ್ಟಿದೆ ಎನ್ನಲು, ಕಣ್ಣಿಂದ ನೋಡದ ಇವರು ಯಾರು? ನಮ್ಮ ಊರಿನ ಹೆಣ್ಣುಮಗಳು ಸುಮ್ಮನೆ ಸುಳ್ಳು ಬರೆಯುತ್ತಾಳೆಯೇ?

"ಏನ್ ಬೇಕ ಹೇಳವ್ವಾ," ಅಂದೆ.

"ರವಿವಾರ ನಿಮ್ಮ ಮಶೀನ್ ಬೇಕ್ರಿ. ಇಪ್ಪತ್ತ ಸಲ ಚಾಲೂ ಮಾಡಬೇಕು, ಇಪ್ಪತ್ತ ಸಲ ಬಂದ್ ಮಾಡಬೇಕು."

ಲಕ್ಷ್ಮಣ ಕೇಳಿ ತಲೆ ಚಚ್ಚಿಕೊಂಡ. "ಮೋಟರ್ ಸುಟ್ಟೀತ್ರಿ ಸಾವ್ಕಾರ! ಹುಚ್ಚ ಹಿಡದೈತೇನು ನಿಮಗ?" ಹಿಡಿದಿತ್ತು ಅನ್ನಿ. ನಡುನಡುವೆ ಮೋಟರ್ ಆರಲು ಬಿಟ್ಟು, ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಅದೇ ಕೆಲಸ ಮಾಡಿದೆವು. ಕಲ್ಲಿಲ್ಲ, ನೀರಿಲ್ಲ, ಬರೀ ಮಶೀನ್ ಗುಂಯ್ ಅನ್ನುವುದು, ನಿಲ್ಲುವುದು. ನಾನು ಇಲ್ಲಿಂದ ಫೋನಿನಲ್ಲಿ "ಹಾಂ, ಈಗ!" ಅನ್ನಬೇಕು, ಅವಳು ಅಲ್ಲಿ ವೋಲ್ಟ್ ಮೀಟರ್ ನೋಡಿ ಬರೆದುಕೊಳ್ಳಬೇಕು. ಓಣಿಯ ಜನ ಬಂದು ಬಂದು ಕೇಳಿ ಹೋದರು. ಮೊದಲ ಹದಿನಾರು ಸಲವೂ ಹಲಗೆ ಆರಿತು. ಆರಿದ್ದು ಒಂದು ಸಲವೂ ತಾನಾಗಿ ಏಳಲಿಲ್ಲ, ಪ್ರತಿ ಸಲ ವೈರು ಕಿತ್ತು ಮತ್ತೆ ಹಾಕಿಯೇ ಎಬ್ಬಿಸಬೇಕಾಯಿತು.

ಹದಿನೇಳನೆಯ ಸಲಕ್ಕೆ ಫೋನಿನಲ್ಲಿ ಅವಳು ಚೀರಿದಳು. ಶಾಕ್ ಹೊಡೆಯಿತೋ ಏನೋ ಎಂದು ನಾನು ಓಡಿಯೇ ಹೋದೆ. ನೋಡಿದರೆ ಕೈಯಲ್ಲಿ ಹಲಗೆಗೆ ಸಿಕ್ಕಿಸುವ ಉಗುರಿನಷ್ಟು ಮೆಮೊರಿ ಕಾರ್ಡ್ ಹಿಡಿದು ಕುಣಿಯುತ್ತಿದ್ದಾಳೆ.

"ಕಾರ್ಡ್ ಕಿತ್ತ ಹಾಕಿದ್ರ ಎದ್ದೇಳ್ತೈತ್ರಿ ಕಾಕಾ! ಹಲಗಿ ಆರಿದ್ರೂ ಕಾರ್ಡಿನ ಕರೆಂಟ್ ಪೂರ್ತಿ ಹೋಗಿರಂಗಿಲ್ಲ. ಅದು ಇನ್ನೂ ಹಳೇ ಕೆಲಸದಾಗ ಇರ್ತೈತಿ. ಹಲಗಿ ಹೊಸದಾಗಿ ಎದ್ದು ಕರದ್ರ ಓ ಅನ್ನಂಗಿಲ್ಲ!"

ಹಲಗೆ ಏಳುವಾಗಲೇ ಕಾರ್ಡಿನ ಕರೆಂಟನ್ನು ಒಂದು ಕ್ಷಣ ಕಡಿದು ಕೊಡಬೇಕು, ಅಷ್ಟೇ. ಅದಕ್ಕೆ ಬೇಕಾದದ್ದು ಒಂಬತ್ತು ಸಾಲಿನ ಪ್ರೋಗ್ರಾಂ. ಬೇರೆಯವರು ಬರೆಯಲಿ ಎಂದು ಕಾಯದೆ ತಾನೇ ಬರೆದು, ಇಪ್ಪತ್ತು ಸಲದ ಲೆಕ್ಕದ ಜೊತೆ ಸೋಮವಾರ ಕಳಿಸಿದಳು. ಬುಧವಾರದವರೆಗೆ ಸುದ್ದಿಯಿಲ್ಲ. ನನಗಂತೂ ಊಟ ಸೇರಲಿಲ್ಲ, ಕೆಲಸದವರ ಮೇಲೆಲ್ಲ ಹರಿಹಾಯ್ದೆ. ಗುರುವಾರ ಉತ್ತರ ಬಂತು. ಮೂರು ದೇಶದವರು ಕರೆಂಟ್ ಇಳಿಸುವ ಸಾಧನ ಕೂಡಿಸಿ ನೋಡಿದರಂತೆ, ಮೂವರ ಹಲಗೆಯೂ ಸತ್ತು ಬಿದ್ದವಂತೆ, ಇವಳ ಒಂಬತ್ತು ಸಾಲು ಹಾಕಿದ ಮೇಲೆ ಎದ್ದವಂತೆ. ವೈರಿಂಗ್ ಎಂದು ಬರೆದವನೇ ಕ್ಷಮೆ ಕೇಳಿದ್ದ. ಹೊಸ ಆವೃತ್ತಿಯಲ್ಲಿ ಆ ಸಾಲುಗಳ ಪಕ್ಕದಲ್ಲಿ ಜರೀನಾಳ ಹೆಸರಿದೆ. ನಾನು ಕಣ್ಣಾರೆ ನೋಡಿದ್ದೇನೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಅರ್ಥವಾಗದವರಿಗೆ ಎರಡೆರಡು ಸಲ ಹೇಳಿದ್ದೇನೆ.

ಶಾಲೆ ಶುರುವಾದ ದಿನ ನನ್ನನ್ನೂ ಕರೆದಿದ್ದರು. ಹನ್ನೆರಡು ಹಲಗೆ, ಹನ್ನೆರಡು ಪರದೆ, ಒಂದೊಂದರ ಮುಂದೆ ಮೂರು ಮೂರು ಮಕ್ಕಳು. ಹೆಡ್ ಅಕ್ಕೋರು ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಾಠ ಶುರುವಾಯಿತು. ಒಂಬತ್ತು ಇಪ್ಪತ್ತಾದಾಗ ಜರೀನಾ ಗಡಿಯಾರ ನೋಡಿ ನೇರ ನನ್ನ ಹತ್ತಿರ ಬಂದಳು.

"ಕಾಕಾರ, ಮಶೀನ್ ಯಾಕ ಇನ್ನೂ ಚಾಲೂ ಆಗಿಲ್ಲ?"

"ಇವತ್ತ ಒಂದಿನ ಇರ್ಲೆವ್ವಾ," ಎಂದು ಮೆಲ್ಲಗೆ ಅಂದೆ. "ಮಧ್ಯಾಹ್ನದ ತನಕ ಚಾಲೂ ಮಾಡಬ್ಯಾಡ ಅಂತ ಲಕ್ಷ್ಮಣಗ ಹೇಳಿ ಬಂದೇನಿ. ಎಲ್ಲಾರೂ ಕುಂತಾರ, ಸುಮ್ನ ಯಾಕ..."

ಅವಳ ಮುಖ ಕೆಂಪೇರಿತು. ನಾನು ಸಿಟ್ಟಿನ ಮನುಷ್ಯ, ಆದರೆ ಆ ಸಿಟ್ಟಿನ ಎದುರು ನನ್ನದೇನೂ ಅಲ್ಲ.

"ಅಂದ್ರ ನಿಮಗೂ ನಂಬಿಗಿ ಇಲ್ಲೇನ್ರಿ? ದಿನಾ ಮಶೀನ್ ಬಂದ್ ಇಟ್ಟ ನಾ ಪಾಠಾ ಮಾಡ್ಲೇನು? ಹಚ್ರಿ ಫೋನ್!"

ಮಕ್ಕಳೆಲ್ಲ ತಿರುಗಿ ನೋಡಿದರು. ಹೆಡ್ ಅಕ್ಕೋರು ಕನ್ನಡಕ ಸರಿಮಾಡಿಕೊಂಡರು. ನಾನು ಲಕ್ಷ್ಮಣನಿಗೆ ಫೋನ್ ಹಚ್ಚಿ, "ಚಾಲೂ ಮಾಡಲೇ," ಅಂದೆ.

ಟ್ಯೂಬ್‌ಲೈಟ್ ಮಿಟುಕಿದವು. ಫ್ಯಾನ್ ನಿಧಾನವಾಯಿತು. ಹನ್ನೆರಡು ಪರದೆಯೂ ಒಮ್ಮೆಲೇ ಕಪ್ಪಾದವು. ಮಕ್ಕಳು "ಅಯ್ಯೋ ಅಕ್ಕೋರ!" ಅಂದರು. ಜರೀನಾ ಪರದೆಗಳಿಗೆ ಬೆನ್ನು ಮಾಡಿ, ಸೊಂಟದ ಮೇಲೆ ಕೈಯಿಟ್ಟು, ನನ್ನನ್ನೇ ನೋಡುತ್ತ ನಿಂತಿದ್ದಳು. ಮೂರನೆಯ ಸಾಲಿನದೊಂದು ಮೊದಲು ಬೆಳಗಿತು. ಆಮೇಲೆ ಬಾಗಿಲ ಹತ್ತಿರದವು, ಆಮೇಲೆ ನಡುವಿನವು. ಕಿಟಕಿಯ ಪಕ್ಕದ ಒಂದು ತಡ ಮಾಡಿತು, ನಾನು ಕೂತ ಜಾಗ ಬಿಟ್ಟು ನಿಂತೆ. ಅದೂ ಎದ್ದಿತು. ಮಕ್ಕಳು ಕೇಕೆ ಹಾಕಿದರು, ಅವರಿಗಿಂತ ಜೋರಾಗಿ ನಾನು ಹಾಕಿದೆ.

ಜರೀನಾ ಆಗಲೂ ತಿರುಗಿ ನೋಡಲಿಲ್ಲ. "ಎಷ್ಟ ಎದ್ದೂರಿ ಕಾಕಾ?"

"ಹನ್ನೆರಡೂ ಎದ್ದಾವ ನಮ್ಮವ್ವಾ!"

"ಹಂಗಾರ ಕುಂದರ್ರಿ," ಅಂದಳು. "ಪಾಠ ಮುಗಿದಿಲ್ಲ."