ಕಾರಿನ ಸೀಟು ಹೊಲಿದ ಕುಮುದಾ

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ಕುಮುದಾಳ ಜೊತೆ ಮಾತಾಡುವವರೆಂದರೆ ಗಂಡ ಶಂಕರ ಒಬ್ಬನೇ. ಅವನು ಅಲ್ಲಿನ ಕ್ಯಾಂಪಸ್ಸಿನಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವಳು ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಇಲ್ಲಿ ಅವಳ ಬಿ.ಎಸ್‌ಸಿ.ಯನ್ನು ಕೇಳುವವರಿರಲಿಲ್ಲ. ಮಗಳು ಇರಾ ಹುಟ್ಟಿ, ಬೆಳೆದು, ದಾಗಿಸ್ ಎನ್ನುವ ಶಿಶುವಿಹಾರಕ್ಕೆ ಹೋಗತೊಡಗಿದ ಮೇಲೆ ಸ್ವೀಡಿಷ್ ಕಲಿಸುತ್ತಿದ್ದ ಟೀಚರಮ್ಮ ಅವಳಿಗೊಂದು ಕೆಲಸ ಹುಡುಕಿಕೊಟ್ಟರು. ಊರಿನ ಸಾಬ್ ಕಾರು ಕಾರ್ಖಾನೆಗೆ ಚರ್ಮದ ಸೀಟು ಹೊಲಿದು ಕೊಡುವ ಸಣ್ಣದೊಂದು ಘಟಕದಲ್ಲಿ ಹೊಲಿಗೆ ಕೆಲಸ.

ಕುಮುದಾಳ ತಾಯಿ ಮನೆಯಲ್ಲೇ ಕೂತು ಊರವರ ರವಿಕೆ ಹೊಲಿದು ಇವಳನ್ನು ಓದಿಸಿದ್ದರು. ಆ ಮೆಷಿನ್ನಿನಿಂದ ದೂರ ಹೋಗಲಿ ಎಂದೇ ಓದಿಸಿದ್ದು. ಹಾಗಾಗಿ ಊರಿಗೆ ಫೋನ್ ಮಾಡಿದಾಗ ಅವಳು "ಕಾರ್ ಕಂಪನೀಲಿ ಕೆಲಸ ಸಿಕ್ತಮ್ಮ" ಎಂದಷ್ಟೇ ಹೇಳಿದಳು. ಶಂಕರ ಇನ್ನೊಂದು ಹೆಜ್ಜೆ ಮುಂದೆ ಹೋದ. ಹತ್ತಿರದ ದೊಡ್ಡ ಊರು ಯೋತೆಬೊರಿಯಲ್ಲಿದ್ದ, ಕನ್ನಡದವರೇ ಆದ ಪಾರ್ವತಿ, ಶಿವಪ್ರಸಾದ ದಂಪತಿಗೆ ಅವನು ಹೇಳಿದ್ದು, "ಕುಮುದಾಗೆ ಸಾಬ್‌ನಲ್ಲಿ ಆಯ್ತು, ಇಂಟೀರಿಯರ್ ಸೈಡ್." ಶಿವಪ್ರಸಾದ ಯೋತೆಬೊರಿಯ ಬೇರೊಂದು ಕಾರು ಕಂಪನಿಯಲ್ಲಿ ಎಂಜಿನಿಯರ್. "ಓ, ಡಿಸೈನಾ? ವೆರಿ ಗುಡ್" ಎಂದ. ಶಂಕರ ಹೌದೆನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪಕ್ಕದಲ್ಲೇ ಕೂತಿದ್ದ ಕುಮುದಾ ಕೂಡ ತುಟಿ ಬಿಚ್ಚಲಿಲ್ಲ. ಅಲ್ಲಿಂದ ಮುಂದೆ ಆ ಮಾತು ತನ್ನಷ್ಟಕ್ಕೆ ತಾನೇ ಬೆಳೆಯಿತು.

ಘಟಕದಲ್ಲಿ ಅವಳ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವಳು ರೈಯಾ. ಹುಡುಗಿಯಾಗಿದ್ದಾಗಲೇ ಫಿನ್‌ಲ್ಯಾಂಡಿನಿಂದ ಬಂದು ಇಲ್ಲೇ ನರೆಗೂದಲು ಕಂಡವಳು. ಮಾತು ಕಡಿಮೆ. ಚರ್ಮಕ್ಕೆ ಒಮ್ಮೆ ಸೂಜಿ ಬಿದ್ದರೆ ತೂತು ಮುಚ್ಚುವುದಿಲ್ಲ, ಬಟ್ಟೆಯ ಹಾಗೆ ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ ಎಂದು ಕುಮುದಾಳ ಕೈ ಹಿಡಿದು ಕಲಿಸಿದಳು. ಅವಳು ಹಾಳುಮಾಡಿದ ಮೊದಮೊದಲ ತುಂಡುಗಳನ್ನು ಯಾರಿಗೂ ಕಾಣದಂತೆ ಕಸಕ್ಕೆ ಹಾಕಿದಳು. ಫಿಕಾ ಹೊತ್ತಿನಲ್ಲಿ ಎಲ್ಲರೂ ಕಾಫಿ ಹಿಡಿದು ಕೂತಾಗ ಕುಮುದಾಳ ಡಬ್ಬಿಯ ಚಿತ್ರಾನ್ನವನ್ನು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ ತಿಂದು, ನಾಳೆಯೂ ತಾ ಎನ್ನುತ್ತಿದ್ದಳು. ಇರಾಗೆ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿಸಿದವಳೂ ಅವಳೇ.

ಕೆಲಸ ಕುಮುದಾಗೆ ಒಗ್ಗಿತು. ಅಷ್ಟೇ ಅಲ್ಲ, ಹಿಡಿಸಿತು. ರಸ್ತೆಯಲ್ಲಿ ಸಾಬ್ ನಿಂತಿದ್ದರೆ ಕಿಟಕಿಯಿಂದ ಬಗ್ಗಿ ಸೀಟಿನ ಹೊಲಿಗೆ ನೋಡುವಳು. ಆದರೆ ಯೋತೆಬೊರಿಯ ಕನ್ನಡದವರ ನಡುವೆ ಕೂತಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ಸೂಜಿ, ದಾರದ ಗುರುತುಗಳು ಬೆರಳ ತುಂಬ ಇದ್ದವು.

ಎರಡು ಸಾವಿರದ ಹತ್ತರಲ್ಲಿ ಅಮೆರಿಕದ ದೊಡ್ಡ ಕಂಪನಿ ಸಾಬ್ ಅನ್ನು ಕೈಬಿಡಲು ಹೊರಟಿತು. ಊರವರು ತಮ್ಮ ತಮ್ಮ ಸಾಬ್ ಕಾರುಗಳನ್ನು ಹೊರಡಿಸಿ ಮೆರವಣಿಗೆ ಮಾಡಿದರು. ರೈಯಾ ತನ್ನ ಹಳೆಯ ಕಾರಿನಲ್ಲಿ ಕುಮುದಾಳನ್ನೂ ಕೂರಿಸಿಕೊಂಡು ಹೋದಳು. ಟಿವಿಯವರ ಕ್ಯಾಮೆರಾ ಕಂಡದ್ದೇ ತಡ, ಕುಮುದಾ ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. ರೈಯಾ ನೋಡಿದಳು. ಚಳಿಯಾಗ್ತಿದೆಯಾ ಎಂದು ಕೇಳಿ ಹೀಟರ್ ಹೆಚ್ಚಿಸಿದಳು.

ಹಾಲೆಂಡಿನ ಸಣ್ಣ ಕಂಪನಿಯೊಂದು ಕಾರ್ಖಾನೆಯನ್ನು ಕೊಂಡಿತು. ಊರು ಉಸಿರುಬಿಟ್ಟಿತು. ಮರುವರ್ಷದ ವಸಂತದಲ್ಲಿ ಕಾರು ಜೋಡಿಸುವ ಲೈನು ನಿಂತಿತು. ಇವತ್ತು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎನ್ನುತ್ತ ಬೇಸಿಗೆ ಕಳೆಯಿತು, ಎಲೆ ಉದುರಿತು. ಕ್ರಿಸ್‌ಮಸ್ಸಿಗೆ ಕೆಲವೇ ದಿನ ಇರುವಾಗ ಸಾಬ್ ದಿವಾಳಿಯೆದ್ದಿತು. ಘಟಕದ ಮೇಲ್ವಿಚಾರಕ ಫಿಕಾ ಕೋಣೆಯಲ್ಲಿ ಸುದ್ದಿ ಹೇಳಿದಾಗ ಮೇಜಿನ ಮೇಲೆ ಹಬ್ಬದ ಕೇಸರಿ ಬನ್ನುಗಳಿದ್ದವು. ಯಾರೂ ಅಳಲಿಲ್ಲ. ರೈಯಾ ಎದ್ದು ಹೋಗಿ ತನ್ನ ಮೆಷಿನ್ನಿಗೆ ಎಣ್ಣೆ ಹಾಕಿ, ಒರೆಸಿ, ಬಟ್ಟೆ ಹೊದಿಸಿದಳು. ಕುಮುದಾ ಲಾಕರಿನ ಸಾಮಾನನ್ನೂ ತೆಗೆದುಕೊಳ್ಳದೆ ಮನೆಗೆ ಬಂದುಬಿಟ್ಟಳು.

ಯುಗಾದಿಯ ಭಾನುವಾರ ಪಾರ್ವತಿ, ಶಿವಪ್ರಸಾದ ಊಟಕ್ಕೆ ಬಂದರು. ಹೋಳಿಗೆ ಬಡಿಸುತ್ತಿರುವಾಗ ಶಿವಪ್ರಸಾದ ಅಂದ, "ರೆಸ್ಯೂಮೆ ಕಳ್ಸಿ ಕುಮುದಾ. ನಮ್ಮಲ್ಲಿ ಇಂಟೀರಿಯರ್ ಟೀಮ್ ದೊಡ್ಡದಿದೆ. ನಮ್ಮದನ್ನ ಚೀನಾದವರು ತಗೊಂಡಿದಾರೆ, ಆದ್ರೆ ಹೈರಿಂಗ್ ಜೋರಾಗಿದೆ."

"ನೋಡೋಣ" ಎಂದಳು ಕುಮುದಾ. ಶಂಕರ ಕೋಸಂಬರಿಯಲ್ಲಿ ಏನನ್ನೋ ಹುಡುಕುತ್ತಿದ್ದ.

ಆಗಲೇ ಬಾಗಿಲ ಗಂಟೆ ಬಡಿಯಿತು. ಇರಾ ಓಡಿಹೋಗಿ ತೆರೆದಳು. ರೈಯಾ ನಿಂತಿದ್ದಳು, ಕೈಯಲ್ಲೊಂದು ಚೀಲ. ಘಟಕವನ್ನು ಖಾಲಿಮಾಡುತ್ತಿದ್ದಾರೆ, ನಿನ್ನ ಕತ್ತರಿ, ಚಪ್ಪಲಿ ಲಾಕರಿನಲ್ಲೇ ಉಳಿದಿದ್ದವು, ತಂದಿದ್ದೇನೆ ಎಂದಳು. ಒಳಗೆ ಜನ ಇರುವುದನ್ನು ಕಂಡು ಸಂಕೋಚದಿಂದ ನಕ್ಕಳು.

"ಯಾರು ಕುಮುದಾ?" ಎಂದು ಪಾರ್ವತಿ ಒಳಗಿಂದಲೇ ಕೇಳಿದಳು.

"ಗ್ರಾನ್ನೆ" ಎಂದಳು ಕುಮುದಾ. ಪಕ್ಕದ ಮನೆಯವಳು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ಸ್ವೀಡಿಷ್. ಆ ಪ್ರಶ್ನೆ, ಉತ್ತರದಲ್ಲಿ ರೈಯಾಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಶಿವಪ್ರಸಾದ ಎದ್ದು ಬಂದು, ಒಳಗೆ ಬನ್ನಿ, ಇದು ನಮ್ಮ ಹೊಸ ವರ್ಷ, ಇದೇ ಬಿಲ್ಡಿಂಗಿನಲ್ಲಿ ಇದ್ದೀರಾ ಎಂದು ಸ್ವೀಡಿಷ್‌ನಲ್ಲಿ ಉಪಚಾರ ಮಾಡಿದ. ರೈಯಾ ಒಂದು ಗಳಿಗೆ ಕುಮುದಾಳ ಮುಖ ನೋಡಿದಳು. ಅದರಲ್ಲಿ ಏನು ಕಂಡಳೋ, "ಹೌದು, ಆಚೆ ಬದಿಯಲ್ಲಿ" ಎಂದಳು. ಚೀಲವನ್ನು ಒಳಗಿನ ಕತ್ತರಿ ಕಾಣದ ಹಾಗೆ ಬಾಯಿ ಮಡಚಿ ಇರಾಳ ಕೈಗೆ ಕೊಟ್ಟು, ಮೆಟ್ಟಿಲಿಳಿದು ಹೋದಳು.

ನೆಂಟರು ಹೊರಟ ಮೇಲೆ ಹನ್ನೊಂದು ವರ್ಷದ ಇರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ವೀಡಿಷ್‌ನಲ್ಲಿ ಕೇಳಿದಳು, "ರೈಯಾ ಸುಳ್ಳು ಹೇಳೋರಲ್ಲ. ಇವತ್ತು ಯಾಕೆ ಹೇಳಿದ್ರು?"

"ದೊಡ್ಡವರ ಮಾತಲ್ಲಿ ತಲೆ ಹಾಕ್ಬೇಡ ನೀನು" ಎಂದು ಕುಮುದಾ ಗದರಿದಳು. ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುಮುದಾ ನಲ್ಲಿಯ ಮುಂದೆ ನಿಂತೇ ಇದ್ದಳು. ತಾನು ಸುಳ್ಳು ಹೇಳಿದ್ದು ಒಂದು. ಆ ಮಾತಿನ ಮುಂದೆ ಅಷ್ಟು ಒಳ್ಳೆಯವಳನ್ನು ನಿಲ್ಲಿಸಿ, ಅವಳ ಬಾಯಲ್ಲೂ ಸುಳ್ಳು ಹೇಳಿಸಿದ್ದು ಇನ್ನೊಂದು. ನಾಚಿಕೆಗೆ ಅವಳ ಕಿವಿ ಬಿಸಿಯಾಗಿತ್ತು. ಶಂಕರ ಬಂದು "ಹೋಗ್ಲಿ ಬಿಡು, ರೈಯಾ ಏನೂ ಅಂದ್ಕೊಳ್ಳಲ್ಲ" ಎಂದ.

"ಅಂದ್ಕೊಳ್ಳೋರಾಗಿದ್ರೆ ಚೆನ್ನಾಗಿತ್ತು ರೀ" ಎಂದಳು.

ಫೋನ್ ಮಾಡಿದರೆ ರೈಯಾ ಎತ್ತಲಿಲ್ಲ. ಅವಳ ಮನೆಯಿದ್ದದ್ದು ಬಸ್ಸಿನಲ್ಲಿ ನಾಲ್ಕೈದು ಸ್ಟಾಪಿನಾಚೆ. ಅಲ್ಲಿಗೆ ಹೋಗಲು ಕುಮುದಾಗೆ ಮುಖವಿರಲಿಲ್ಲ. ಬೇಸಿಗೆಯ ಹೊತ್ತಿಗೆ ರೈಯಾ ಉದ್ದೆವಾಲ್ಲಾದ ವೃದ್ಧಾಶ್ರಮವೊಂದಕ್ಕೆ ಕೆಲಸಕ್ಕೆ ಸೇರಿ ಊರು ಬಿಟ್ಟಳೆಂಬ ಸುದ್ದಿ ಬಂತು. ಸಾಬ್ ಕಾರ್ಖಾನೆ ಚೀನಾದ ಬಂಡವಾಳವಿದ್ದ ಹೊಸ ಕಂಪನಿಗೆ ಹೋಯಿತು. ಇನ್ನು ವಿದ್ಯುತ್ ಕಾರು ಮಾಡುತ್ತಾರಂತೆ ಎಂದು ಊರು ಮತ್ತೆ ಕಾಯತೊಡಗಿತು. ಕುಮುದಾ ಶಾಲೆಯೊಂದರ ಅಡುಗೆಮನೆಯಲ್ಲಿ ಬದಲಿ ಕೆಲಸಕ್ಕೆ ಹೋದಳು. ಒಂದೂವರೆ ವರ್ಷದ ಮೇಲೆ ಲೈನು ನಿಜಕ್ಕೂ ಶುರುವಾಯಿತು. ಸೀಟಿನ ಘಟಕ ಮಾತ್ರ ಬಾಗಿಲು ತೆರೆಯಲಿಲ್ಲ.

ಆ ಜನವರಿಯಲ್ಲಿ ಪಾರ್ವತಿಯ ಮನೆಯಲ್ಲಿ ಸಂಕ್ರಾಂತಿ. ಶಿವಪ್ರಸಾದ ಹಳೆಯ ಸಾಬ್ ಒಂದನ್ನು ಕೊಂಡಿದ್ದ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡ ಎಲ್ಲರನ್ನೂ ಗ್ಯಾರೇಜಿಗೆ ಕರೆದೊಯ್ದು ತೋರಿಸಿದ. "ಬನ್ನಿ ಕುಮುದಾ, ಕೂತ್ಕೊಳ್ಳಿ. ಈ ಡಿಸೈನ್ ಮೀಟಿಂಗಲ್ಲಿ ನೀವೂ ಇದ್ದಿರಬಹುದು."

ಕುಮುದಾ ಕೂತಳು. ಕೈ ತಾನಾಗಿಯೇ ಸೀಟಿನ ಅಂಚಿಗೆ ಹೋಯಿತು. ಇದು ತನ್ನದೋ ರೈಯಾಳದೋ ಮತ್ತಾರದೋ, ಹೇಳಲು ಆಗುತ್ತಿರಲಿಲ್ಲ. ಆದರೂ ಹೊಲಿಗೆಯನ್ನು ಬೆರಳಿನಿಂದ ಕೊನೆಯವರೆಗೆ ಸವರಿದಳು.

"ಮೀಟಿಂಗಲ್ಲಿ ನಾನು ಇರ್ಲಿಲ್ಲ" ಎಂದಳು. "ನಾನು ಡಿಸೈನರ್ ಅಲ್ಲ. ಮೆಷಿನ್ ಮೇಲೆ ಕೂತು ಸೀಟು ಹೊಲೀತಿದ್ದೆ. ಅವತ್ತು ಯುಗಾದಿಗೆ ಬಂದಿದ್ರಲ್ಲ, ಅವರು ನನ್ನ ಜೊತೆ ಕೆಲಸ ಮಾಡ್ತಿದ್ದೋರು. ನನಗೆ ಕೆಲಸ ಕಲಿಸಿದೋರು. ಪಕ್ಕದ ಮನೆಯವರಲ್ಲ."

ಶಿವಪ್ರಸಾದ ಕನ್ನಡಕ ತೆಗೆದು ಒರೆಸಿಕೊಂಡ. ಪಾರ್ವತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ನಂಗೆ ಗೊತ್ತಿತ್ತು ಕುಮುದಾ. ಇವರಿಗೆ ಹೇಳಿರ್ಲಿಲ್ಲ ಅಷ್ಟೆ."

"ಯಾವಾಗಿಂದ?"

"ಇರಾ ಚಿಕ್ಕವಳಿದ್ದಾಗಿಂದ. ಇಲ್ಲಿಗೆ ಬಂದಾಗೆಲ್ಲ ನನ್ನ ಹೊರಗೆ ಕರ್ಕೊಂಡು ಹೋಗಿ, ನಿಂತಿರೋ ಕಾರ್ ತೋರಿಸಿ, ಇದು ನಮ್ಮಮ್ಮ ಹೊಲಿದ ಸೀಟು ಅಂತಿದ್ಲು. ಎಷ್ಟು ಜಂಬ ಅವಳಿಗೆ. ನೀವು ಹೇಳ್ಕೊಳ್ತಿಲ್ಲ ಅಂತ ನಾನೂ ಸುಮ್ನಾದೆ."

ತಾನು ಮುಚ್ಚಿಟ್ಟದ್ದನ್ನು ಮಗಳು ಜಂಬದಿಂದ ಹೇಳಿಕೊಂಡು ತಿರುಗಿದ್ದಳು. ಕುಮುದಾಗೆ ತಲೆಯೆತ್ತಲು ಆಗಲಿಲ್ಲ. ಆ ಸುಳ್ಳು ಯಾರಿಗೂ ಬೇಕಿರಲಿಲ್ಲ. ರೈಯಾಳನ್ನು ಬಾಗಿಲಿಂದಲೇ ಕಳಿಸಿದ್ದು ಸುಮ್ಮಸುಮ್ಮನೆ.

ಮುಂದಿನ ಶನಿವಾರ ಅವಳು ಉದ್ದೆವಾಲ್ಲಾದ ಬಸ್ ಹತ್ತಿದಳು. ರೈಯಾ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ತಟ್ಟೆ ತೆಗೆಯುತ್ತಿದ್ದಳು. ಕಾಫಿ ಹಾಕಿಕೊಟ್ಟು ಎದುರು ಕೂತಳು. ಕುಮುದಾ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, "ತಪ್ಪಾಯ್ತು" ಎಂದಳು.

"ಹೌದು" ಎಂದಳು ರೈಯಾ. "ನನಗೆ ಬೇಜಾರಾಯ್ತು. ಆಮೇಲೆ ಕೋಪ ಬಂತು."

"ಎಷ್ಟು ಸಲ ಫೋನ್ ಮಾಡಿದೆ."

"ನೀನೇ ಬರ್ತೀಯ ಅಂತ ಕಾದೆ. ಬಸ್ಸಿತ್ತಲ್ಲ."

ಕಾಫಿ ಮುಗಿದ ಮೇಲೆ ರೈಯಾ ಇರಾಳ ಬಗ್ಗೆ ಕೇಳಿದಳು, ಇನ್ನೂ ಸ್ಕೇಟಿಂಗ್ ಮಾಡುತ್ತಾಳಾ ಎಂದಳು. ಮನೆಗೆ ಬಾ ಎಂದು ಕುಮುದಾ ಕರೆದಾಗ ತಲೆಯಾಡಿಸಿ, "ಸದ್ಯಕ್ಕೆ ಬೇಡ. ನೀನು ಬಾ" ಎಂದಳು.

ಆ ಮೇ ತಿಂಗಳಲ್ಲಿ ಹೊಸ ಮಾಲೀಕರ ಕೈಯಲ್ಲೂ ಲೈನು ನಿಂತಿತು. ಅಷ್ಟರಲ್ಲಿ ಕುಮುದಾ ಪಕ್ಕದ ಊರು ವೆನೆರ್ಸ್‌ಬೊರಿಯಲ್ಲಿ ದೋಣಿಗಳ ಮೆತ್ತೆ ಹೊಲಿಯುವ ಅಂಗಡಿಗೆ ಸೇರಿದ್ದಳು. ಏನು ಕೆಲಸ ಎಂದು ಯಾರು ಕೇಳಿದರೂ ಹೊಲಿಗೆ ಎನ್ನುತ್ತಿದ್ದಳು. ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದಳು. ಅಮ್ಮ "ಬೆನ್ನು ನೋಯುತ್ತೇನೇ?" ಎಂದು ಕೇಳಿದರು.

ತಿಂಗಳಿಗೊಂದು ಸಲ ಅವಳು ಉದ್ದೆವಾಲ್ಲಾಗೆ ಹೋಗುತ್ತಾಳೆ, ಕೆಲವೊಮ್ಮೆ ಇರಾಳೂ ಜೊತೆಗೆ. ರೈಯಾ ಕಾಫಿ ಕೊಡುತ್ತಾಳೆ, ನಗುತ್ತಾಳೆ, ಚಿತ್ರಾನ್ನ ತಂದರೆ ತಿನ್ನುತ್ತಾಳೆ. ಮನೆಗೆ ಮಾತ್ರ ಇನ್ನೂ ಬಂದಿಲ್ಲ. ಕುಮುದಾ ಒತ್ತಾಯ ಮಾಡುವುದಿಲ್ಲ. ಬಸ್ಸು ಆ ಊರಿನ ಸೇತುವೆ ದಾಟುವಾಗ ಇಂದಿಗೂ ಅವಳ ಮುಖ ಬಿಸಿಯಾಗುತ್ತದೆ. ಆದರೂ ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುತ್ತಾಳೆ.