ಬಿಗಿಯಬಾರದಿದ್ದ ರಿಂಗು

ನಿನ್ನೆ ನೀರೆತ್ತುವ ಮೋಟಾರು ವೈಂಡಿಂಗ್ ಆಗಿ ಬಂತು. ಗೋಣಿಚೀಲ ಬಿಚ್ಚಿದ್ದೇ ತಡ, ಹಸಿ ವಾರ್ನಿಶ್ ವಾಸನೆ ಪಡಸಾಲೆ ತುಂಬಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಬಾಜೂ ಮನೆಯ ವೈಂಡಿಂಗ್ ಕಾಕಾನ ಅಂಗಿಯೂ ಇದೇ ವಾಸನೆ ಹೊಡೆಯುತ್ತಿತ್ತು...

ನವಲಗುಂದ ಕಡೆಯ ಸುಟ್ಟ ಮೋಟಾರುಗಳು ಹೆಚ್ಚಾಗಿ ಅವರ ಅಂಗಡಿಗೇ ಬರುತ್ತಿದ್ದವು. ತಂತಿ ಸುತ್ತಿ, ಹತ್ತಿಯ ಪಟ್ಟಿಯಿಂದ ಬಿಗಿದು, ವಾರ್ನಿಶ್‌ನಲ್ಲಿ ಅದ್ದಿ, ಕಾಯಿಸಿ ಕೊಡುವರು. ಅಲುಗಾಡಿದ್ದು ಸುಡುತ್ತದೆ ಎಂಬುದೊಂದೇ ಅವರ ಶಾಸ್ತ್ರ.

ಒಂದು ಮಳೆಗಾಲ ನಮ್ಮ ಮನೆಯ ಟ್ರಿಪ್ ಸ್ವಿಚ್ಚು, ಅಂದರೆ ಕರೆಂಟು ಎಲ್ಲಿಯಾದರೂ ಸೋರಿದರೆ ತಾನೇ ಬಂದ್ ಆಗುವಂಥದ್ದು, ದಿನಾ ಮತ್ತೆ ಮತ್ತೆ ಬೀಳತೊಡಗಿತು. ನಾನೇ ಕಾಕಾನನ್ನು ಕರೆದೆ. ಸ್ವಿಚ್ಚು ಬಿಚ್ಚಿದರೆ ಒಳಗೊಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಕಬ್ಬಿಣದ ಪಟ್ಟಿ ಸುತ್ತಿ ಮಾಡಿದ ಸಣ್ಣ ರಿಂಗು.

“ನೋಡು ತಂಗಿ, ಸಡ್ಲ ಐತಿ. ನಡಗತೈತಿ, ಅದಕ್ಕ ಬೀಳತೈತಿ. ಬಿಗದು ಕೊಡ್ತೀನಿ.”

ಜೊತೆಗೆ ಬಂದಿದ್ದ ಕಾಕು, ಅವರ ಹೆಂಡತಿ, ಬಿಡಲಿಲ್ಲ. “ಮನ್ಯಾಗ ಹೊರಸಿನ ನವಾರ ಜೋಲಿ ಬಿದ್ದೈತಿ. ಅದನ್ನ ಬಿಗೀರಿ ಮೊದಲ.”

ಕಾಕಾ ರಿಂಗಿಗೆ ಪಟ್ಟಿ ಬಿಗಿದು, ವಾರ್ನಿಶ್ ಕುಡಿಸಿ, ಕಾಯಿಸಿ ಕೂಡ್ರಿಸಿದರು. ಟೆಸ್ಟ್ ಗುಂಡಿ ಒತ್ತಿದರೆ ಸ್ವಿಚ್ಚು ಬಿತ್ತು. ಬಾಕಿ ವೇಳೆ ಬೀಳಲಿಲ್ಲ. ನಾನು ಓಣಿಯಲ್ಲೆಲ್ಲ ಹೊಗಳಿದೆ. ಇನ್ನೂ ಐದು ಮನೆಯವರು ಬಿಗಿಸಿಕೊಂಡರು. ಕಾಕಾ ತಮ್ಮ ಮನೆಯದನ್ನೂ ಬಿಗಿದರು.

ಶ್ರಾವಣದ ಒಂದು ಮುಂಜಾನೆ ಕಾಕು ಒದ್ದೆ ಕೈಯಲ್ಲಿ ತಮ್ಮ ಮನೆಯ ನೀರಿನ ಮೋಟಾರು ಮುಟ್ಟಿದರು. ಸ್ವಿಚ್ಚು ಬೀಳಲಿಲ್ಲ...

ಅಂದೇ ಕರೆಂಟ್ ಆಫೀಸಿನಿಂದ ತಪಾಸಣೆಗೆ ಬಂದ ಎಂಜಿನಿಯರ್ ಕಾಕಾನ ಮನೆಯ ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಕಬ್ಬಿಣವಂತೆ ಅದು. ಚೂರು ಕರೆಂಟು ಸೋರಿದರೂ ಅಯಸ್ಕಾಂತವಾಗುತ್ತದೆ, ಮರುಕ್ಷಣವೇ ಬಿಡುತ್ತದೆ. ಬಿಗಿದರೆ ಆ ಸೂಕ್ಷ್ಮ ಸಾಯುತ್ತದೆ. ಅದಕ್ಕೇ ಡಬ್ಬಿಯಲ್ಲಿ ಸಡಿಲವಾಗಿ ಇಟ್ಟಿರುತ್ತಾರೆ.

“ಗುಂಡಿ ಒತ್ತಿದರ ಬೀಳತಿತ್ತಲ್ರಿ,” ಎಂದರು ಕಾಕಾ.

“ಗುಂಡಿ ದೊಡ್ಡ ಸೋರಿಕಿ ಕೊಡತೈತ್ರಿ. ಮನಷ್ಯಾ ಸಾಯಾಕ ಅಷ್ಟು ಬೇಕಾಗೂದಿಲ್ಲ.”

ಮಳೆಗೆ ನಮ್ಮ ಗೋಡೆ ಥಂಡಿ ಹಿಡಿದು ಕರೆಂಟು ಸೋರುತ್ತಿತ್ತು. ಮೊದಲು ಸ್ವಿಚ್ಚು ಬೀಳುತ್ತಿದ್ದುದು ಖರೇನೇ ಇತ್ತು.

ಕಾಕುಗೆ ಮಣ್ಣು ಕೊಟ್ಟು ಬಂದ ಸಂಜೆಯೇ ಕಾಕಾ ಸ್ಕ್ರೂಡ್ರೈವರ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಸ್ವಿಚ್ಚು ಬಿಚ್ಚಿ, ರಿಂಗಿನ ಪಟ್ಟಿ ಕೊಯ್ದರು. ಪೆಡಸಾಗಿದ್ದ ಒಳಗಿನ ಕಬ್ಬಿಣ ಚೂರುಚೂರಾಗಿ ನೆಲಕ್ಕೆ ಉದುರಿತು.

“ಒಂದ್ ಗುಟುಕು ನೀರರ ಕುಡೀರಿ ಕಾಕಾ.”

“ಇನ್ನ ಐದು ಮನಿ ಅದಾವು ತಂಗಿ.”

ಓಣಿಯಲ್ಲೆಲ್ಲ ಹೊಗಳಿದ್ದು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ನೆಲದ ಚೂರುಗಳನ್ನು ಬಳಿಯತೊಡಗಿದೆ. ಅವರು ಮತ್ತೆ ಅಂಗಡಿ ತೆರೆಯಲಿಲ್ಲ. ಮುಂದಿನ ಮಳೆಗಾಲ ಅವರೂ ಇರಲಿಲ್ಲ...

ನಿನ್ನೆ ಮೋಟಾರು ಕೂಡ್ರಿಸಿ ಚಾಲೂ ಮಾಡಿದೊಡನೆ ನಮ್ಮ ಹೊಸ ಟ್ರಿಪ್ ಸ್ವಿಚ್ಚು ಬಿತ್ತು. ಎತ್ತಿದರೆ ಮತ್ತೆ ಬಿತ್ತು.

“ಇದರದೊಂದು ಕಾಟ ಬೇ ಯವ್ವಾ. ಯಾರನರ ಕರಸಿ ರಿಪೇರಿ ಮಾಡಸು,” ಎಂದಳು ಮಗಳು.

“ಬೀಳಲಿ ಬಿಡು. ಕೊಡಾ ತಗೋ, ಓಣಿ ನಳದಿಂದ ತರೂಣು,” ಎಂದೆ.

ಆ ಮಳೆಗಾಲದಲ್ಲೂ ಇಷ್ಟೇ ಅನ್ನಬೇಕಿತ್ತು.